ಥರ್ಡ್ ಕ್ಲಾಸಿನ ಅಡ್ಡ

ಈಗಲೂ ಯಾವ ಬೆಂಚು, ಯಾವ ಕಟಕಟೆ, ಯಾವ ಮಂಚದ ಪಟ್ಟಿ ಕಂಡರೂ ನನ್ನ ಬಲಗೈ ತಾನಾಗಿ ಕೋಳಿಯ ಕಾಲಾಗುತ್ತದೆ. ಮೂರು ಬೆರಳು ಮುಂದೆ, ಹೆಬ್ಬೆರಳು ಹಿಂದೆ, ಕಿರುಬೆರಳು ಮಡಚಿ ಒಳಗೆ. ಅಂಗೈ ಮರದ ಮೇಲೆ ಕುಕ್ಕರಗಾಲಲ್ಲಿ ಕೂತಂತೆ. ಆಫೀಸಿನಲ್ಲಿ ಇದನ್ನು ಕಂಡವರು ನನಗೆ ವಾತ ಹಿಡಿದಿದೆ ಎಂದುಕೊಂಡು ಎರಡು ಮೂರು ತೈಲಗಳ ಹೆಸರು ಹೇಳಿದ್ದಾರೆ. ವಾತವೂ ಅಲ್ಲ, ಪಿತ್ತವೂ ಅಲ್ಲ. ಮುಂಬಯಿಯ ಮಲಾಡಿನಲ್ಲಿ, ವಾಡಿ ಎನ್ನುವ ಬಾಡಿಗೆ ಕೋಣೆಗಳ ವಠಾರದಲ್ಲಿ, ನನ್ನ ಪಕ್ಕದ ಖೋಲಿಯಲ್ಲಿದ್ದ ಹೆಂಗಸೊಬ್ಬರು ಕಲಿಸಿದ ವಿದ್ಯೆ ಇದು. ಹೋದ ತಿಂಗಳು ಆಕೆ ಮಂಗಳೂರಿನ ಸ್ಟೀಮರ್ ಹತ್ತಿ ಊರಿಗೆ ಹೋದರು. ಅಂದಿನಿಂದ ನಮ್ಮ ವಾಡಿಯಲ್ಲಿ ಯಾರಿಗೂ ಬೈಸಿಕೊಳ್ಳುವ ಯೋಗವಿಲ್ಲ, ನನಗಂತೂ ಅದೇ ಒಂದು ಕೊರತೆಯಾಗಿದೆ.

ವಾಡಿಯವರೆಲ್ಲ ಆಕೆಯನ್ನು ಬಾಯಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ನಿಜವಾದ ಹೆಸರು ಬರೆದರೆ ಮಂಗಳೂರಿನಿಂದ ಒಂದು ಕಾರ್ಡು ಬರುತ್ತದೆಂಬ ಭಯದಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದ್ದೇನೆ. ಆಳು ಗಿಡ್ಡ, ಬೆನ್ನು ನೆಟ್ಟಗೆ, ಸೀರೆಯ ಸೆರಗು ಸದಾ ಸೊಂಟಕ್ಕೆ ಬಿಗಿದಿರುತ್ತಿತ್ತು. ಮೂವತ್ತು ವರ್ಷ ಒಂದು ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದವರು. ಯಾರಾದರೂ ಸೂಲಗಿತ್ತಿ ಎಂದರೆ ಕಣ್ಣು ಕೆಂಪಾಗುತ್ತಿತ್ತು. "ನಾನು ಪರೀಕ್ಷೆ ಪಾಸಾದ ಮಿಡ್‌ವೈಫ್, ಗೊತ್ತುಂಟಾ?" ಎನ್ನುತ್ತಿದ್ದರು. ಗಂಡ ಕಾಲವಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೆ ಚರ್ಚ್‌ಗೇಟಿನಿಂದ ಬೋರಿವಲಿಯವರೆಗೆ ಯಾವ ಸ್ಟೇಷನ್ನಿನಲ್ಲಿ ಇಳಿದರೂ ಆಕೆಯ ಕೈಯಲ್ಲಿ ಹುಟ್ಟಿದ ಒಬ್ಬನಾದರೂ ಎದುರಾಗಿ ನಮಸ್ಕಾರ ಹೊಡೆಯುತ್ತಿದ್ದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀನು ಉಲ್ಟಾ ಬಂದವನಲ್ವಾ?" ಎಂದು ನಾಲ್ಕು ಜನರೆದುರು ಕೇಳಿಬಿಡುತ್ತಿದ್ದರು.

ವಾಡಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಬಾಯಿ ಮೊದಲು ಮಾಡುತ್ತಿದ್ದ ಕೆಲಸ ಗಂಡನನ್ನು ನೀರಿಗಟ್ಟುವುದು. "ಹೋಗಿ, ಬಾವಿಯಿಂದ ಇಪ್ಪತ್ತು ಕೊಡ ತನ್ನಿ. ಬೇಗ!" ಇಪ್ಪತ್ತು ಕೊಡ ನೀರು ಯಾವ ಹೆರಿಗೆಗೂ ಬೇಡ. ಬಾಗಿಲ ಹೊರಗೆ ಕೈ ಹಿಸುಕುತ್ತ ನಿಲ್ಲುವ ಗಂಡಸಿಗೆ ಕೈತುಂಬ ಕೆಲಸವಿರಲಿ ಎಂದು ಅಷ್ಟೆ. ಮಗು ಅಳುವ ಹೊತ್ತಿಗೆ ವಾಡಿಯ ಪೀಪಾಯಿಗಳೆಲ್ಲ ತುಂಬಿರುತ್ತಿದ್ದವು. ನಲ್ಲಿಯಲ್ಲಿ ನೀರಿಲ್ಲದ ಬೇಸಗೆಯಲ್ಲಿ ಹೆಂಗಸರು, ಈ ವಾರ ಯಾರದಾದರೂ ಒಂದು ಹೆರಿಗೆಯಾದರೆ ಒಳ್ಳೆಯದಿತ್ತು ಎಂದು ಮಾತಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ಮಗು ಹುಟ್ಟಿದೊಡನೆ ಅದರ ಮುಷ್ಟಿಯೊಳಗೆ ಬಾಯಿ ತಮ್ಮ ತೋರುಬೆರಳು ತೂರಿಸಿ ಮೆಲ್ಲಗೆ ಎಳೆಯುತ್ತಿದ್ದರು. ಮಗು ಬಿಡದೆ ಹಿಡಿದುಕೊಂಡರೆ, "ಹಿಡಿತ ಉಂಟು" ಎನ್ನುತ್ತಿದ್ದರು. ಆಮೇಲೆ ತೂಕ, ಬಣ್ಣ, ಯಾರ ಮೂಗು ಎಂಬ ವಿಚಾರ. ಈ ಮಾತು ಆಕೆಯ ಬಾಯಲ್ಲಿ ಎಷ್ಟು ಕೂತುಬಿಟ್ಟಿತ್ತೆಂದರೆ ಸಾರಿಗೂ ಹಿಡಿತ ಇರಬೇಕು, ಕಾಗದದ ಬರವಣಿಗೆಗೂ ಇರಬೇಕು. ನಾನು ಮೈಸೂರಿನಿಂದ ಬಂದು ಪಕ್ಕದ ಖೋಲಿ ಹಿಡಿದ ಹೊಸದರಲ್ಲಿ ಆಕೆ ನನ್ನ ಕೆಲಸ ವಿಚಾರಿಸಿದರು. ಫೋರ್ಟಿನ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್, ಸೇತುವೆಗಳ ನಕ್ಷೆ ಬರೆಯುತ್ತೇನೆ ಎಂದು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ. ಮನೆಗೆ ತಂದಿದ್ದ ಒಂದು ನಕ್ಷೆಯನ್ನೂ ತೋರಿಸಿದೆ. ಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಗೀಟು ಚಂದ ಉಂಟು ಮಾರಾಯ್ರೆ. ಹಿಡಿತ ಇಲ್ಲ" ಎಂದು ಸುರುಳಿ ಸುತ್ತಿ ಕೈಗೆ ಕೊಟ್ಟರು. ಮೂರು ದಿನ ನಾನು ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಈಗ ಕೋಳಿಗಳ ವಿಷಯ. ಖೋಲಿಗಳ ಹಿಂದಿನ ಜಾಗದಲ್ಲಿ ಬಾಯಿ ಹನ್ನೊಂದು ಹೇಂಟೆ, ಒಂದು ಹುಂಜ ಸಾಕಿದ್ದರು. ಯಾವ ಕೋಳಿ ಎಲ್ಲಿಂದ ಬಂತೋ ಅದಕ್ಕೆ ಆ ಸ್ಟೇಷನ್ನಿನ ಹೆಸರು. ಪಾರ್ಲೆ ಬಿಳಿ, ಬೈಕುಲ್ಲಾ ಕಪ್ಪು, ದಾದರ್ ಎಲ್ಲರ ಮೇಲೂ ಬೀಳುವ ಜಗಳಗಂಟಿ. ಹುಂಜನ ಹೆಸರು ವಿರಾರ್, ಏಕೆಂದರೆ ಅವನು ಎಲ್ಲಕ್ಕೂ ಕೊನೆಯಲ್ಲಿ ಬರುವವನು. ವಾಡಿಯಲ್ಲಿ ಹೆತ್ತವಳಿಗೆ ನಲವತ್ತು ದಿನ ದಿನಕ್ಕೊಂದು ಮೊಟ್ಟೆ ಬಾಯಿಯ ಲೆಕ್ಕದಲ್ಲಿ. ಬೆಳಿಗ್ಗೆ ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆ ಮನೆಗೆ ಹೋಗುವರು, ಅದನ್ನು ಕೊಡುವ ನೆಪದಲ್ಲಿ ಬಾಣಂತಿಯ ಕಣ್ಣರೆಪ್ಪೆ ಎಳೆದು ರಕ್ತ ನೋಡುವರು, ಮಗುವಿನ ಹೊಕ್ಕುಳು ನೋಡುವರು, ಅತ್ತೆಯನ್ನು ಗದರಿಸುವರು. ಆಸ್ಪತ್ರೆ ಅವರನ್ನು ಮನೆಗೆ ಕಳಿಸಿತ್ತು. ಆಮೇಲೆ ಅವರಿಗೆ ಉಳಿದಿದ್ದ ವಾರ್ಡು ಇದೊಂದೇ, ಆ ವಾರ್ಡಿನ ಬಾಗಿಲು ತೆರೆಯುತ್ತಿದ್ದುದು ಮೊಟ್ಟೆ. ಕೋಳಿ ಹೋದರೆ ಬಾಯಿ ಎರಡನೆಯ ಸಲ ಮನೆಗೆ ಕೂತಂತೆ. ಮೊಟ್ಟೆಯನ್ನೇ ಮುಟ್ಟದ ನನಗೂ ಇದು ಬಹುಬೇಗ ಅರ್ಥವಾಗಿತ್ತು.

ಕೋಳಿಗಳಿಗೆ ಗೂಡು ಇತ್ತು. ಅದರಲ್ಲಿ ಅವು ಮೊಟ್ಟೆ ಇಡುತ್ತಿದ್ದವು, ಮಲಗಲು ಮಾತ್ರ ಒಪ್ಪುತ್ತಿರಲಿಲ್ಲ. ಹೊತ್ತು ಮುಳುಗಿದ್ದೇ ತಡ, ವಾಡಿಯ ಮಾಲೀಕ ಸೇಟ್‌ನ ಮಾವಿನ ಮರಕ್ಕೆ ಹಾರಿ, ಅಲ್ಲಿಂದ ಅವನ ಮನೆಯ ಹೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದವು. ವಿರಾರ್ ಸರಿಯಾಗಿ ಸೇಟ್ ಮಲಗುವ ಕೋಣೆಯ ಮೇಲೆ ನಿಂತು ನಸುಕಿಗೇ ಕೂಗುತ್ತಿದ್ದ. ಸೇಟ್ ಕೆಟ್ಟ ಮನುಷ್ಯನಲ್ಲ, ಬಹಳ ದಿನ ಸಹಿಸಿದ. ಒಂದು ಬೆಳಿಗ್ಗೆ ಮದುವೆಗೆ ಹೊರಟು ಮರದ ಕೆಳಗೆ ನಿಂತಿದ್ದಾಗ ಅವನ ಬಿಳಿ ಟೋಪಿಯ ನಡುಮಧ್ಯಕ್ಕೆ ಮೇಲಿನಿಂದ ಪ್ರಸಾದ ಬಿತ್ತು. ಅದೇ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಯಿಯ ಬಾಗಿಲಿಗೆ ಬಂದ.

"ಬಾಯಿ, ಬಸ್! ಪಂದ್ರಾ ದಿನ್! ಸೋಲವೇ ದಿನ್ ಶಾಮ್ ಕೋ ಮೈ ಖುದ್ ಆಯೇಗಾ. ಏಕ್ ಭೀ ಬಾಹರ್ ದಿಖಾ ತೋ ಸಬ್ ಬಜಾರ್ ಮೇ!"

"ಠೀಕ್ ಹೈ ಸೇಟ್" ಎಂದರು ಬಾಯಿ. ಸೇಟ್ ಹೋದ ಮೇಲೆ ನನ್ನ ಕಡೆ ತಿರುಗಿ, "ಹದಿನೈದು ದಿನದಲ್ಲಿ ಹನ್ನೆರಡೂ ಗೂಡಲ್ಲಿ ಮಲಗ್ಬೇಕು. ಹದಿನಾರನೇ ಸಂಜೆ ಅವ ನೋಡ್ಲಿಕ್ಕೆ ಬರ್ತಾನೆ. ಒಂದು ಹೊರಗೆ ಕಂಡ್ರೂ ಎಲ್ಲ ಕಸಾಯಿಗೆ. ನಾನು ಒಪ್ಪಿ ಆಯ್ತು" ಎಂದರು.

"ಯಾಕ್ರೀ ಒಪ್ಪಿದ್ರಿ? ಕೋಳಿ ಮಾತು ಕೇಳುತ್ತಾ?" ಎಂದೆ.

"ಅವು ಕೇಳುವುದಿಲ್ಲ, ನಾವು ಕೇಳ್ಬೇಕು. ನೆಲದಲ್ಲಿ ಮಲಗು ಅಂದ್ರೆ ಯಾರು ಮಲಗ್ತಾರೆ? ಅವಕ್ಕೆ ಎತ್ತರದಲ್ಲಿ ಕೂರ್ಲಿಕ್ಕೆ ಒಂದು ಅಡ್ಡ ಬೇಕು. ನೀವು ಸೇತುವೆ ಎಲ್ಲ ಮಾಡುವವರಲ್ವಾ, ಒಂದು ಅಡ್ಡ ಮಾಡಿ ನೋಡುವ."

ಗೂಡಿನೊಳಗೆ ಅಡ್ಡಲಾಗಿ ಹಾಕುವ ಕೋಲಿಗೆ ಆಕೆ ಅಡ್ಡ ಎನ್ನುತ್ತಿದ್ದರು. ನಾನೂ ಆ ಮಾತನ್ನು ಕಲಿತೆ. ಅದನ್ನು ಕಲಿತದ್ದು ಮುಂದೆ ಎಂಥ ಫಜೀತಿಗೆ ಬಂತೆಂಬುದನ್ನು ಆಮೇಲೆ ಹೇಳುತ್ತೇನೆ.

ಸೇತುವೆಯ ಮಾತು ಬಂದಾಗ ನನ್ನ ಮಾನದ ಪ್ರಶ್ನೆಯಾಯಿತು. ಟ್ರೇಸಿಂಗ್ ಕಾಗದದ ಮೇಲೆ ಅಳತೆಯಿಟ್ಟು ಅಚ್ಚುಕಟ್ಟಾದ ನಕ್ಷೆ ಬರೆದೆ. ನಾಲ್ಕು ಬಿದಿರಿನ ಕೋಲುಗಳು, ಒಂದಕ್ಕಿಂತ ಒಂದು ಎತ್ತರ, ಸರ್ಕಸ್ಸಿನ ಗ್ಯಾಲರಿಯ ಹಾಗೆ. ಕಟ್ಟಿಯೂ ಆಯಿತು. ಮೊದಲ ಸಂಜೆ ಬಾಯಿ ಒಂದೊಂದೇ ಕೋಳಿಯನ್ನು ಹಿಡಿದು ಕೂರಿಸಿದರು. ಐದು ನಿಮಿಷ ಗೂಡಿನಲ್ಲಿ ಶಾಂತಿ ಇತ್ತು. ಆಮೇಲೆ ದಾದರ್ ಎದ್ದು ತುತ್ತತುದಿಯ ಕೋಲಿಗೆ ಹಾರಿತು. ಅದನ್ನು ಕಂಡು ಮಿಕ್ಕ ಹನ್ನೊಂದಕ್ಕೂ ತುತ್ತತುದಿಯೇ ಬೇಕಾಯಿತು. ನಯವಾದ ಬಿದಿರು ಕಾಲ ಕೆಳಗೆ ಗಿರ್ರನೆ ತಿರುಗಿತು. ರೆಕ್ಕೆ, ಧೂಳು, ಚೀರಾಟ. ಮೇಲಿನಿಂದ ಬಿದ್ದ ಪಾರ್ಲೆ ಎರಡು ದಿನ ಕುಂಟಿತು. ಉಳಿದವೆಲ್ಲ ಬಾಗಿಲು ತಳ್ಳಿಕೊಂಡು ಹೋಗಿ ಸೇಟ್‌ನ ಹೆಂಚಿನ ಮೇಲೆ ಕೂತವು.

ಪಾರ್ಲೆಯ ಕಾಲಿಗೆ ಅರಸಿನ ಹಚ್ಚುತ್ತ ಬಾಯಿ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಇದೆಂತ ಮಾಡಿದ್ದು ನೀವು? ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಥರ್ಡ್ ಕ್ಲಾಸ್! ಮೇಲೊಂದು ಕ್ಲಾಸ್ ಉಂಟು ಅಂತಾದ್ರೆ ಕೆಳಗೆ ಯಾರು ಕೂತ್ಕೊಳ್ತಾರೆ? ಎಲ್ಲರಿಗೂ ಒಂದೇ ಎತ್ತರ ಮಾಡಿ ಮಾರಾಯ್ರೆ. ಬಿದ್ರೂ ಕಾಲು ಮುರಿಯದಷ್ಟು ಎತ್ತರ, ಸಾಕು."

ಎತ್ತರ ಇಳಿಸಿದೆ. ಬಿದಿರು ತಿರುಗುತ್ತದೆಂದು ತಿರುಗದ ವಸ್ತು ಯಾವುದೆಂದು ಯೋಚಿಸಿ, ಹಳೆಯ ಕಬ್ಬಿಣದ ಪೈಪು ಎರಡನ್ನು ಹುಡುಕಿ ತಂದು ಬಿಗಿದೆ. ಆನೆ ಕೂತರೂ ಅಲುಗದು ಎಂದು ಜಂಬವನ್ನೂ ಕೊಚ್ಚಿಕೊಂಡೆ. ಮೇ ತಿಂಗಳ ಬಿಸಿಲು, ಗೂಡಿಗೆ ತಗಡಿನ ಮಾಡು. ಸಂಜೆ ಬಾಯಿ ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಪೈಪಿನ ಮೇಲೆ ಒತ್ತಿದರು. ನಾನು ಅಯ್ಯೋ ಎಂದು ಕೈ ಎಳೆದುಕೊಂಡೆ.

"ನಿಮಗೆ ಚಪ್ಪಲಿ ಉಂಟು. ಅವಕ್ಕೆ?" ಎಂದರು. ಆಗಲೇ ಮೊದಲ ಬಾರಿಗೆ ತಮ್ಮ ಬಲಗೈಯನ್ನು ಕೋಳಿಯ ಕಾಲಿನಂತೆ ಮಾಡಿ ತೋರಿಸಿದರು. ಪೈಪಿನ ಸುತ್ತ ಬೆರಳುಗಳು ಪೂರ್ತಿ ಸುತ್ತಿಕೊಂಡು ಉಗುರು ಉಗುರಿಗೆ ತಾಗಿದವು. "ನೋಡಿ. ರಾತ್ರಿಯಿಡೀ ಹೀಗೆ ಮುಷ್ಟಿ ಕಟ್ಟಿ ಮಲಗಿದ್ರೆ ಯಾರಿಗೆ ನಿದ್ದೆ ಬರ್ತದೆ? ಕಾಲು ಬಿಡಿಸಿ ಕೂರ್ಬೇಕು, ಹೊಟ್ಟೆ ಅದರ ಮೇಲೆ ಇಳೀಬೇಕು. ಅಗಲ ಬೇಕು. ಮೇಲೆ ಚಪ್ಪಟೆ, ಅಂಚು ದುಂಡಗೆ. ನಯ ಇರ್ಬೇಕು, ಜಾರ್ಲಿಕ್ಕೂ ಬಾರ್ದು. ಅಂಥದ್ದು ಎಲ್ಲುಂಟು?"

ಬಡಗಿಯಿಂದ ಹೊಸ ಮರ ಕೆತ್ತಿಸೋಣ ಎಂದೆ. ಹೊಸ ಮರದಲ್ಲಿ ಸಿಬಿರು ಏಳುತ್ತದೆ, ಕಾಲಿಗೆ ಹೊಕ್ಕರೆ ಬಾವು ಬರುತ್ತದೆ ಎಂದು ತಳ್ಳಿಹಾಕಿದರು. ಏಳು ದಿನ ಕಳೆದಿತ್ತು. ಬಾಯಿ ಹೋದಲ್ಲೆಲ್ಲ ಕೈಯನ್ನು ಕೋಳಿಯ ಕಾಲು ಮಾಡಿ ಇಡತೊಡಗಿದರು. ಒನಕೆಯ ಮೇಲೆ, ತೊಟ್ಟಿಲ ಪಟ್ಟಿಯ ಮೇಲೆ, ರಾಮಮಂದಿರದ ಕಟಕಟೆಯ ಮೇಲೆ, ನನ್ನ ಟೀ-ಸ್ಕ್ವೇರಿನ ಮೇಲೆ. ಎಲ್ಲದಕ್ಕೂ ಒಂದೇ ತೀರ್ಪು: "ಹಿಡಿತ ಇಲ್ಲ." ಎಂದೂ ಸೋಲದ ಆ ಹೆಂಗಸು ಊಟ ಬಿಟ್ಟು ಹೊಸಿಲ ಮೇಲೆ ಕೂತು ಕೋಳಿಗಳನ್ನು ನೋಡುತ್ತಿದ್ದುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಮೂರನೆಯ ಖೋಲಿಯ ಹುಡುಗಿಗೆ ಹೆರಿಗೆಯಾಗಿ ಹನ್ನೆರಡು ದಿನವಷ್ಟೇ ಆಗಿತ್ತು. ಬಿಳಿಚಿಕೊಂಡಿದ್ದಳು. ಅವಳಿಗೆ ಇನ್ನೂ ಇಪ್ಪತ್ತೆಂಟು ಮೊಟ್ಟೆ ಬಾಕಿ ಇತ್ತು.

ಎಂಟನೆಯ ದಿನ ಭಾನುವಾರ. ದಾದರಿನಲ್ಲಿ ಯಾರದೋ ಮಗುವನ್ನು ನೋಡಬೇಕೆಂದು ಬಾಯಿ ಹೊರಟರು, ಜೊತೆಗೆ ನನ್ನನ್ನೂ ಎಳೆದುಕೊಂಡರು. ಮಲಾಡಿನಲ್ಲಿ ಹಳೆಯ ಡಬ್ಬದ ಲೋಕಲ್ ಹತ್ತಿದೆವು. ಥರ್ಡ್ ಕ್ಲಾಸಿನ ಬೆಂಚು ಗೊತ್ತಲ್ಲ, ಉದ್ದುದ್ದ ಪಟ್ಟಿಗಳನ್ನು ಜೋಡಿಸಿದ್ದು. ಮೂವರು ಕೂತಿದ್ದರು. ಬಾಯಿ ಅವರೆದುರು ನಿಂತು, "ಜರಾ ಸರಕೋ" ಎಂದರು. ಮೂವರೂ ಸರಿದರು, ಬಾಯಿ ನಾಲ್ಕನೆಯವರಾಗಿ ಕೂತರು. ಗಾಡಿ ಗೋರೆಗಾಂವ್ ದಾಟಿತು, ಜೋಗೇಶ್ವರಿ ದಾಟಿತು. ಅಂಧೇರಿಯ ಹತ್ತಿರ ಗಾಡಿ ಕುಲುಕಿದಾಗ ಆಕೆ ಬೀಳದಿರಲೆಂದು ಬೆಂಚಿನ ಅಂಚು ಹಿಡಿದುಕೊಂಡರು. ಹಿಡಿದ ಕೈಯನ್ನು ತೆಗೆಯಲಿಲ್ಲ. ಕೈಯನ್ನೇ ನೋಡಿದರು. ಆಮೇಲೆ ಮೂರು ಬೆರಳು ಮುಂದೆ, ಹೆಬ್ಬೆರಳು ಹಿಂದೆ ಇಟ್ಟು ಅಂಗೈಯನ್ನು ಮೆಲ್ಲಗೆ ಪಟ್ಟಿಯ ಮೇಲೆ ಕೂರಿಸಿದರು.

"ಮಾರಾಯ್ರೆ!" ಎಂದು ಡಬ್ಬವೆಲ್ಲ ತಿರುಗಿ ನೋಡುವಂತೆ ಕೂಗಿದರು. "ಇಲ್ಲುಂಟು! ನಾವು ಇದರ ಮೇಲೆಯೇ ಕೂತಿದ್ದೇವೆ!"

ಪಕ್ಕದವನು ತನ್ನ ಪಾಕೀಟು ಹೋಯಿತೆಂದು ತಿಳಿದು ಜೇಬು ತಡವಿಕೊಂಡ. ಬಾಯಿ ಆಗಲೇ ಎದ್ದು ನಿಂತು ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಎರಡೂವರೆ ಬೆರಳಗಲದ ಸಾಗವಾನಿ. ಎಷ್ಟೋ ವರ್ಷ, ಎಷ್ಟೋ ಸಾವಿರ ಜನ ಕೂತು, ಎದ್ದು, ಸರಿದು, ಅಂಚು ದುಂಡಗಾಗಿತ್ತು. ಸಿಬಿರೆಂಬುದು ಹೆಸರಿಗೂ ಇರಲಿಲ್ಲ. ಬೆಂಚನ್ನು ಅಲ್ಲಿಂದಲೇ ಕಿತ್ತುಕೊಂಡಾರೆಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಮಗು ನೋಡುವುದು ಹಾಗೇ ಉಳಿಯಿತು. ದಾದರಿನಲ್ಲಿ ಗಾಡಿ ಬದಲಿಸಿ ನೇರ ಬೈಕುಲ್ಲಾಕ್ಕೆ ಹೋದೆವು. ಮುರಿದು ಹಾಕಿದ ಹಳೆಯ ಡಬ್ಬಗಳ ಮರ ಮಾರುವ ಭಂಗಾರದ, ಎಂದರೆ ಗುಜರಿಯ, ಅಂಗಡಿಯೊಂದು ಬಾಯಿಗೆ ಗೊತ್ತಿತ್ತು. ಅಂಗಡಿಯವನ ಮೂರು ಮಕ್ಕಳೂ ಆಕೆಯ ಕೈಯಲ್ಲಿ ಹುಟ್ಟಿದವರು. ಅವನು ಒಂದು ರಾಶಿ ತೋರಿಸಿ, ಯಾವುದಾದರೂ ಎತ್ತಿಕೊಳ್ಳಿ ಬಾಯಿ, ದುಡ್ಡಿನ ಮಾತು ಮಾತ್ರ ಆಡಬೇಡಿ ಎಂದ. ಯಾವುದಾದರೂ ಎಂಬ ಪದ ಬಾಯಿಯ ನಿಘಂಟಿನಲ್ಲಿಲ್ಲ. ಮೂವತ್ತು ಪಟ್ಟಿಗಳಾದರೂ ಹೊರಗೆ ಬಂದವು. ಒಂದೊಂದರ ಮೇಲೂ ಕೋಳಿಯ ಕಾಲು ಕೂತು ಎದ್ದಿತು. ಇದರಲ್ಲಿ ಮೊಳೆಯ ತೂತು, ಹೇನು ಸೇರುತ್ತದೆ. ಇದು ಸೀಳಿದೆ. ಇದಕ್ಕೆ ಹೊಸದಾಗಿ ವಾರ್ನಿಷ್ ಬಳಿದಿದ್ದಾರೆ, ಜಾರುತ್ತದೆ. ಇದು ಬಾಗುತ್ತದೆ, ಹನ್ನೆರಡು ಕೂತರೆ ತೊಟ್ಟಿಲಾಗುತ್ತದೆ. ಹೊತ್ತು ಮಧ್ಯಾಹ್ನವಾಯಿತು. ಕೊನೆಗೆ ಎರಡು ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಬೆವರು ಒರೆಸಿಕೊಂಡು, "ಹಿಡಿತ ಉಂಟು" ಎಂದರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳಿ ಮಕ್ಕಳನ್ನು ಸುರಕ್ಷಿತವಾಗಿ ಹೊರತಂದವರ ಹಾಗಿದ್ದರು.

ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ವಾಡಿಯ ಗೇಟಿಗೆ ಬಂದಾಗ ಸೇಟ್‌ನ ಕಾವಲುಗಾರ ಕೇಳಿದ, ಇದೇನು ಸಾಮಾನು ಎಂದು. ಬಾಯಿ ಹಿಂದೆ ಉಳಿದಿದ್ದರು. ಮುಂಬಯಿಗೆ ಬಂದು ವರ್ಷವಾಗಿತ್ತು, ನನ್ನ ಹಿಂದಿ ಅಭ್ಯಾಸಕ್ಕೂ ಒಂದು ಅವಕಾಶವಾಗಲಿ ಎಂದು ನಾನೇ ಉತ್ತರ ಕೊಟ್ಟೆ: "ಬಾಯಿ ಪೀಛೇ ಅಡ್ಡಾ ಬನಾತಾ ಹೈ. ಬಹುತ್ ಅಚ್ಛಾ ಅಡ್ಡಾ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗೇಟು ತೆರೆದ. ನನ್ನ ಹಿಂದಿ ಸುಧಾರಿಸಿದೆ ಎಂದುಕೊಂಡು ಒಳಗೆ ಹೋದೆ.

ಅಂದು ಸಂಜೆಯೇ ಎರಡೂ ಪಟ್ಟಿಗಳನ್ನು ಕೂರಿಸಿದೆವು. ನೆಲದಿಂದ ಎರಡಡಿ, ಎರಡೂ ಸಮ; ಮೊಟ್ಟೆಯಿಡುವ ಪೆಟ್ಟಿಗೆಗಿಂತ ಮಾತ್ರ ಎತ್ತರ, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹೊಲಸು ಮಾಡುತ್ತವಂತೆ. ಗೋಡೆಗೆ ಬಾಲ ಉಜ್ಜದಂತೆ ಒಂದಡಿ ದೂರ. ಪಟ್ಟಿ ಐದಡಿ, ಕೋಳಿಗೆ ಹತ್ತಂಗುಲದ ಹಾಗೆ ಒಂದರ ಮೇಲೆ ಆರು ಎಂದು ನಾನು ಲೆಕ್ಕ ಹಾಕಿ ಹೇಳಿದೆ. ನನ್ನ ಸೇತುವೆ ವಿದ್ಯೆಯಲ್ಲಿ ಬಾಯಿ ಒಪ್ಪಿದ್ದು ಅದೊಂದನ್ನೇ. ಹೇನು ಬಾರದಂತೆ ತುದಿಗಳಿಗೆ ಸೀಮೆಎಣ್ಣೆ ಸವರಿ ಬಾಟಲಿಯನ್ನು ಗೂಡಿನ ಮೂಲೆಯಲ್ಲಿಟ್ಟರು. ಮೊದಲ ಮೂರು ಸಂಜೆ ಕೋಳಿಗಳನ್ನು ಹಿಡಿದು ತಂದು ಕೂರಿಸಬೇಕಾಯಿತು. ಅವು ಕಾಲೂರಿದವು, ಒಮ್ಮೆ ಹಿಂದೆ ಮುಂದೆ ತೂಗಿದವು, ಗರಿ ಬಿಚ್ಚಿ ಹೊಟ್ಟೆ ಇಳಿಸಿದವು. ಬೆರಳುಗಳೆಲ್ಲ ಗರಿಯೊಳಗೆ ಮುಚ್ಚಿಹೋದವು. ನಾಲ್ಕನೆಯ ಸಂಜೆ ದಾದರ್ ತಾನಾಗಿ ಒಳಗೆ ಬಂತು, ಅದರ ಹಿಂದೆ ಪಾರ್ಲೆ, ಬೈಕುಲ್ಲಾ. ವಾರ ತುಂಬುವ ಹೊತ್ತಿಗೆ ಹನ್ನೊಂದೂ ಹೊತ್ತಿಗೆ ಸರಿಯಾಗಿ ಒಳಗಿರುತ್ತಿದ್ದವು. ವಿರಾರ್ ಒಬ್ಬ ಒಂದು ದಿನ ಬರುವನು, ಒಂದು ದಿನ ಹೆಂಚಿನ ಮೇಲೆ.

ಹದಿನಾರನೆಯ ಸಂಜೆ ಸೇಟ್ ಬಂದ. ಒಬ್ಬನೇ ಬರಲಿಲ್ಲ. ಜೊತೆಗೆ ದಪ್ಪ ಮೀಸೆಯ ಹವಾಲ್ದಾರನೊಬ್ಬನಿದ್ದ. ಅವರ ಹಿಂದೆ ಅರ್ಧ ವಾಡಿ.

"ಬಾಯಿ, ಅಡ್ಡಾ ಕುಠೆ ಆಹೆ?" ಎಂದು ಕೇಳಿದ ಹವಾಲ್ದಾರ. ಅಡ್ಡಾ ಎಲ್ಲಿದೆ ಎಂದು.

ಬಾಯಿಗೆ ಖುಷಿಯೋ ಖುಷಿ. ಸರ್ಕಾರವೇ ತಮ್ಮ ಗೂಡನ್ನು ನೋಡಲು ಬಂದಿದೆ ಎಂದುಕೊಂಡರು. "ಪೀಛೇ ಹೈ, ಆವ್ ಆವ್! ಬರಾಬರ್ ಟೈಮ್ ಪೇ ಆಯಾ."

"ಕಿತನಾ ದಿನ್ ಸೇ ಚಲ್ತಾ ಹೈ?"

"ಆಠ್ ದಿನ್ ಹುವಾ. ಪೆಹಲೇ ಕೋಯೀ ನಹೀ ಆತಾ ಥಾ. ಅಭೀ ರೋಜ್ ಗ್ಯಾರಾ ತೋ ಪಕ್ಕಾ ಆತಾ ಹೈ. ಏಕ್ ಥೋಡಾ ಬದಮಾಶ್ ಹೈ, ಕಭೀ ಆತಾ, ಕಭೀ ನಹೀ."

ಹವಾಲ್ದಾರ ಕಿಸೆಯಿಂದ ಪುಸ್ತಕ ತೆಗೆದ. ಆಗ ನನ್ನ ತಲೆಗೆ ಹೊಳೆಯಿತು. ಆಗ ಮುಂಬಯಿಯಲ್ಲಿ ಪಾನಬಂದಿ ಜೋರಾಗಿದ್ದ ಕಾಲ. ಖೋಲಿಗಳ ಹಿಂದೆ ಕದ್ದು ಸಾರಾಯಿ ಮಾರುವ ಜಾಗಕ್ಕೆ ಈ ಊರಿನಲ್ಲಿ ಅಡ್ಡಾ ಎನ್ನುತ್ತಾರೆ. ನಾನು ಕಾವಲುಗಾರನಿಗೆ ಹೆಮ್ಮೆಯಿಂದ ಹೇಳಿದ್ದು, ಬಾಯಿ ಹಿಂದುಗಡೆ ಬಹಳ ಒಳ್ಳೆಯ ಸಾರಾಯಿ ಅಂಗಡಿ ತೆರೆಯುತ್ತಿದ್ದಾರೆ ಎಂದು! ಆ ಮಾತು ಅವನಿಂದ ಠಾಣೆಯವರೆಗೆ ಹೋಗಿತ್ತು. ಬಾಯಿ ಈಗ ಹೇಳುತ್ತಿರುವುದು, ಎಂಟು ದಿನದಿಂದ ನಡೆಯುತ್ತಿದೆ, ದಿನಾ ಹನ್ನೊಂದು ಗಿರಾಕಿಗಳು ಖಾಯಂ, ಒಬ್ಬ ಪೋಕರಿ ಮಾತ್ರ ಒಮ್ಮೊಮ್ಮೆ ತಪ್ಪಿಸುತ್ತಾನೆ ಎಂದು! ಬಾಯಿಯ ಕಿವಿಯಲ್ಲಿ ಗಡಿಬಿಡಿಯಿಂದ ವಿಷಯ ಉಸುರಿದೆ. ಆಕೆ ನಿಂತರು, ನನ್ನ ಮುಖ ನೋಡಿದರು. ನೆಲ ಬಾಯ್ಬಿಡಬಾರದೇ ಎನ್ನಿಸಿತು ನನಗೆ.

"ನಿಮ್ಮ ಹಿಂದಿಗೆ ಬೆಂಕಿ ಬೀಳ್ಲಿ" ಎಂದು ಮೆಲ್ಲಗೆ ಹೇಳಿ, ಸೆರಗು ಇನ್ನಷ್ಟು ಬಿಗಿದು, ಮೊದಲಿಗಿಂತ ಎತ್ತರದ ದನಿಯಲ್ಲಿ "ಆವ್ ಹವಾಲ್ದಾರ್ ಸಾಬ್, ಮೇರಾ ಅಡ್ಡಾ ದೇಖೋ!" ಎಂದು ಮುಂದೆ ನಡೆದರು.

ಗೂಡಿನ ಮೂಲೆಯಲ್ಲಿದ್ದ ಬಾಟಲಿ ಮೊದಲು ಹವಾಲ್ದಾರನ ಕಣ್ಣಿಗೆ ಬಿತ್ತು. ಬಿರಡೆ ತೆಗೆದು ಮೂಗಿಗೆ ಹಿಡಿದ, ಸೀಮೆಎಣ್ಣೆ. ಸೀನಿದ. ಬಾಯಿ ಗೋಣಿಯ ಪರದೆ ಎತ್ತಿದರು. ಎರಡು ಪಟ್ಟಿಗಳ ಮೇಲೆ ಹನ್ನೊಂದು ಹೇಂಟೆಗಳು ಭುಜಕ್ಕೆ ಭುಜ ತಾಗಿಸಿ, ಅರ್ಧ ಕಣ್ಣು ಮುಚ್ಚಿ, ಸಭೆಯಲ್ಲಿ ಕೂತಂತೆ ಕೂತಿದ್ದವು. ಹವಾಲ್ದಾರ ಬಹಳ ಹೊತ್ತು ನೋಡಿದ. ಅವನ ಮೀಸೆ ಕುಣಿಯತೊಡಗಿತು. "ಹಾ ಅಡ್ಡಾ?" ಇದೇನಾ ಅಡ್ಡಾ ಎಂದು ಕೇಳಿ, ಪುಸ್ತಕ ಮುಚ್ಚಿ, ಹೊಟ್ಟೆ ಹಿಡಿದುಕೊಂಡು ನಕ್ಕ. ವಾಡಿಯೆಲ್ಲ ನಕ್ಕಿತು.

ಸೇಟ್ ನಗಲಿಲ್ಲ. ಅವನು ಎಣಿಸುತ್ತಿದ್ದ. "ಗ್ಯಾರಾ" ಎಂದು, ಬೆರಳೆತ್ತಿ ತನ್ನ ಹೆಂಚಿನ ಕಡೆ ತೋರಿಸಿದ. ಅಲ್ಲಿ ಕೆಂಪು ಆಕಾಶದ ಕೆಳಗೆ ವಿರಾರ್ ಎದೆಯೆತ್ತಿ ನಿಂತಿದ್ದ. "ಬಾತ್ ಪಕ್ಕೀ ಥೀ ಬಾಯಿ. ಏಕ್ ಭೀ ಬಾಹರ್..."

ನಗು ನಿಂತಿತು. ಯಾರೋ ಕಲ್ಲು ಎತ್ತಿಕೊಂಡರು. "ಹೊಡೀಬೇಡಿ! ಹೆದರಿ ಬಂದ್ರೆ ಅದು ಬಂದ ಹಾಗಲ್ಲ" ಎಂದು ಬಾಯಿ ಕೈ ಅಡ್ಡ ಹಿಡಿದರು. "ಅಭೀ ದಿಯಾ ಬತ್ತೀ ನಹೀ ಹುವಾ ಸೇಟ್. ರುಕೋ." ದೀಪ ಹಚ್ಚುವ ಹೊತ್ತಿನವರೆಗೆ ಕಾಯಿರಿ ಎಂದು. ಎಲ್ಲರೂ ಕಾದೆವು. ಮೂರನೆಯ ಖೋಲಿಯ ಹುಡುಗಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೆಳಕು ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ನಾನು ಬಾಗಿಲ ಹೊರಗಿನ ಗಂಡನ ಹಾಗೆ ಕೈ ಹಿಸುಕುತ್ತಿದ್ದೆ. ಬಾಯಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಹೆರಿಗೆ ಕೋಣೆಯ ಒಳಗೆ ನಿಂತವರ ಹಾಗೆ ನಿಂತಿದ್ದರು.

ವಿರಾರ್ ಹೆಂಚಿನ ಮೇಲೆ ಆಚೆ ಈಚೆ ನಡೆದ. ಅಕ್ಕಪಕ್ಕ ಯಾರೂ ಇಲ್ಲ. ಕತ್ತು ಓರೆ ಮಾಡಿ ಗೂಡಿನ ಕಡೆ ನೋಡಿದ. ಆಮೇಲೆ ಮರಕ್ಕೆ ಹಾರಿದ, ಮರದಿಂದ ನೆಲಕ್ಕೆ. ಹವಾಲ್ದಾರನ ಬೂಟುಗಳ ನಡುವಿನಿಂದ ಗಂಭೀರವಾಗಿ ನಡೆದು ಗೂಡಿನೊಳಗೆ ಹೋದ. ಒಂದು ಪಟ್ಟಿಯಲ್ಲಿ ಆರು ಕೂತಿದ್ದವು. ಇನ್ನೊಂದರಲ್ಲಿ ಐದೇ ಕೋಳಿ, ಆದರೆ ಕಾಲು ಚಾಚಿ ಪಟ್ಟಿಯನ್ನೆಲ್ಲ ಹಿಡಿದಿದ್ದವು. ಅವನು ತುದಿಗೆ ಹಾರಿದ. ಅರ್ಧ ಕಾಲಿಗಷ್ಟೇ ಜಾಗ ಸಿಕ್ಕಿ ರೆಕ್ಕೆ ಬಡಿದು ತೂಗಾಡಿದ. ಪಕ್ಕದಲ್ಲಿದ್ದುದು ದಾದರ್. ಅದು ಕಣ್ಣು ತೆರೆದು ನೋಡಿತು. ಆ ಜಗಳಗಂಟಿ ಕುಕ್ಕಿ ಕೆಳಗೆ ಕೆಡವುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಸರಕಲೀ! ಸರಕಲೀ!" ಎಂದು ಹವಾಲ್ದಾರ ಕೂಗಿದ್ದು ಕೇಳಿ ಕಣ್ಣು ಬಿಟ್ಟೆ. ದಾದರ್ ಸರಿದಿತ್ತು. ಅದು ಸರಿದದ್ದಕ್ಕೆ ಪಾರ್ಲೆ ಸರಿಯಿತು, ಪಾರ್ಲೆಗೆ ಬೈಕುಲ್ಲಾ. ಸಾಲು ಪೂರ್ತಿ ಒಂದೊಂದು ಅಂಗುಲ ಜರುಗಿ ವಿರಾರ್‌ಗೆ ಜಾಗವಾಯಿತು. ಥರ್ಡ್ ಕ್ಲಾಸಿನ ಪಟ್ಟಿಯನ್ನು ಅದರ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. ಅವನು ಗರಿ ಕೊಡವಿ, ಹೊಟ್ಟೆ ಇಳಿಸಿ, ಕಣ್ಣು ಮುಚ್ಚಿದ.

ಹನ್ನೆರಡು!

ನಾನು ಆಫೀಸಿನ ಗಂಭೀರತೆಯನ್ನೆಲ್ಲ ಮರೆತು ಕುಣಿದುಬಿಟ್ಟೆ. ಹೆಂಗಸರು ಚಪ್ಪಾಳೆ ತಟ್ಟಿದರು. ಸೇಟ್‌ಗೆ ಇನ್ನೂ ನಂಬಿಕೆಯಿಲ್ಲ. ಬಗ್ಗಿ ಗೂಡಿನೊಳಗೆ ತಲೆ ತೂರಿಸಿ, ಪಟ್ಟಿಯ ತುದಿಗೆ ಕೈಯೂರಿ ಮತ್ತೆ ಎಣಿಸತೊಡಗಿದ. ಪಟ್ಟಿ ಅಲುಗಿತು, ವಿರಾರ್ ಗುರ್ರೆಂದ. ಬಾಯಿ ಸೇಟ್‌ನ ಭುಜದ ಮೇಲೆ ಎರಡು ಬೆರಳು ತಟ್ಟಿ, ಲೋಕಲ್‌ನಲ್ಲಿ ಹೇಳುವ ದನಿಯಲ್ಲೇ ಹೇಳಿದರು:

"ಸೇಟ್, ಜರಾ ಸರಕೋ."

ಮಲಾಡಿನಲ್ಲಿ ನಲವತ್ತು ಖೋಲಿಗಳ ಮಾಲೀಕ ಸರಿದು ನಿಂತ. ನಿಂತವನಿಗೆ ಕೊನೆಗೆ ತಾನೂ ನಗು ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ವಿರಾರ್ ಕೂಗಿದ್ದು ಗೂಡಿನಿಂದ. ಮೊಟ್ಟೆ ಹೊತ್ತ ಸೆರಗು ಮೂರನೆಯ ಖೋಲಿಯತ್ತ ಹೋಯಿತು.

ಅದಾಗಿ ಐದು ವರ್ಷ. ನಾನು ಮದುವೆಯಾದೆ, ನನ್ನ ಮಗಳ ಮುಷ್ಟಿಯೊಳಗೂ ಆ ತೋರುಬೆರಳು ಹೊಕ್ಕಿತು. ಆ ದಿನ ನಾನು ಇಪ್ಪತ್ತು ಕೊಡ ಹೊತ್ತೆ, ಅದು ಯಾಕೆಂದು ಗೊತ್ತಿದ್ದೂ ಹೊತ್ತೆ. ಈ ಮಧ್ಯೆ ಊರಿನಲ್ಲಿ ಬಾಯಿಯ ತಮ್ಮನ ಸೊಸೆಗೆ ಹೆರಿಗೆ ಹತ್ತಿರ ಬಂತೆಂದು ಕಾಗದ ಬಂತು. ಅಲ್ಲಿ ಪಾಸಾದವರು ಯಾರೂ ಇಲ್ಲ ಎಂದು ಬಾಯಿ ಒಂದೇ ಮಾತಿಗೆ ಹೊರಟರು. ಕೋಳಿಗಳನ್ನು ಮೂರನೆಯ ಖೋಲಿಯವಳಿಗೆ ವಹಿಸಿದರು, ದಿನದ ಮೊಟ್ಟೆ ಯಾರ ಮನೆಗೆ ಎಂಬ ನಿಯಮದ ಸಹಿತ. ಈಗ ಏಳೇ ಕೋಳಿ, ಒಂದಿಷ್ಟು ಸರಿದು ಕೂತರೆ ಅವಕ್ಕೆ ಒಂದೇ ಪಟ್ಟಿ ಸಾಕು. ಇನ್ನೊಂದನ್ನು ಬಿಚ್ಚಿ ತೊಳೆದು, ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿದರು.

"ಇದನ್ನೂ ಹೊತ್ಕೊಂಡು ಹೋಗ್ತೀರಾ? ಊರಲ್ಲಿ ಮರ ಸಿಗಲ್ವಾ?" ಎಂದೆ.

"ಊರಲ್ಲಿ ಕೋಳಿ ಸಿಗ್ತದೆ. ಮರವೂ ಸಿಗ್ತದೆ. ಇಷ್ಟು ಜನ ಕೂತು ಎದ್ದ ಮರ ಎಲ್ಲಿ ಸಿಗ್ತದೆ?" ಎಂದರು.

ಸ್ಟೀಮರ್ ನಿಲ್ಲುವ ಧಕ್ಕೆಯ ಗೇಟಿನಲ್ಲಿ ಪೊಲೀಸಿನವನೊಬ್ಬ ಗಂಟುಗಳನ್ನು ತಡೆದು ನೋಡುತ್ತಿದ್ದ. ಬಾಯಿಯ ಉದ್ದನೆಯ ಗಂಟಿನ ಮೇಲೆ ಕೋಲು ತಟ್ಟಿ, "ಇಸ್ಮೇ ಕ್ಯಾ ಹೈ?" ಎಂದ. ನನ್ನ ಹಿಂದಿ ಈಗ ಎಷ್ಟೋ ಸುಧಾರಿಸಿದೆ. "ಲಕಡೀ ಹೈ, ಸಾಬ್" ಎಂದು ಮುಂದೆ ನುಗ್ಗಿದೆ. ಬಾಯಿ ನನ್ನನ್ನು ಮೊಣಕೈಯಿಂದ ಹಿಂದೆ ತಳ್ಳಿದರು.

"ಅಡ್ಡಾ ಹೈ" ಎಂದರು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

ಪೊಲೀಸಿನವನು ಗಂಟು ಬಿಚ್ಚಿದ. ಐದು ವರ್ಷ ಕೋಳಿಗಳು ಕೂತು ಕನ್ನಡಿಯಂತಾಗಿದ್ದ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಆಕೆಯ ಮುಖ ನೋಡಿದ. ಬಾಯಿ ಮೂರು ಬೆರಳು ಮುಂದೆ, ಹೆಬ್ಬೆರಳು ಹಿಂದೆ ಮಾಡಿ, ಅವನು ಹಿಡಿದಿದ್ದ ಪಟ್ಟಿಯ ಮೇಲೆ ಕೋಳಿಯೊಂದನ್ನು ಕೂರಿಸಿ ತೋರಿಸಿದರು. ಅವನು ಏನು ತಿಳಿದುಕೊಂಡನೋ, ನಕ್ಕು, ತಾನೇ ಸೀರೆ ಸುತ್ತಿ ಕೊಟ್ಟ.

ಸ್ಟೀಮರ್ ಕೂಗಿತು. ಬೀಳ್ಕೊಡಲು ಕೈ ಚಾಚಿದೆ. ಬಾಯಿ ಕೈ ಕುಲುಕಲಿಲ್ಲ. ನನ್ನ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿಸಿ, ಅದರೊಳಗೆ ತಮ್ಮ ತೋರುಬೆರಳನ್ನು ತೂರಿಸಿ ಎಳೆದರು. ನಾನು ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದರು. ಆಗಲೂ ಬಿಡಲಿಲ್ಲ.

"ಈಗ ಹಿಡಿತ ಉಂಟು ಮಾರಾಯ್ರೆ" ಎಂದರು. "ಇನ್ನು ಬಿಡಿ, ಹಡಗು ಹೋಗ್ತದೆ."